ಕಮರಿಯಿಂದ ಮೇಲೆ ಬಂದವರು

ಅಂದು ಮಧ್ಯಾಹ್ನದಿಂದಲೇ ಮಳೆ ಹಿಡಿದಿತ್ತು. ವರ್ಷಕ್ಕೆ ನಾಲ್ಕು ಒಳ್ಳೆಯ ಮಳೆ ಬಂದರೆ ಹೆಚ್ಚೆನ್ನುವ ನಮ್ಮ ಚುಂಜಾ ಊರಿನಲ್ಲಿ ಮಳೆಯ ದಿನ ಯಾರಿಗೂ ಕೆಲಸದ ಮೇಲೆ ಮನಸ್ಸಿರುವುದಿಲ್ಲ. ಹೆಂಗಸರೆಲ್ಲ ಬಿಸಿನೀರಿನ ಕೊಳಕ್ಕೆ ಬಂದು ಕುತ್ತಿಗೆವರೆಗೆ ಮುಳುಗಿ ಕುಳಿತಿದ್ದರು. ಮೇಲೆ ತಗಡಿನ ಮಾಡಿನ ಸದ್ದು, ಕೆಳಗೆ ಹಬೆ. ಪಕ್ಕದವಳ ಮುಖವೂ ನೆಟ್ಟಗೆ ಕಾಣದು. ಟವೆಲು ಕೊಡುವ ಕೆಲಸ ನನ್ನದು. ನಾನೂ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕುಳಿತೆ.

ಮಾಹಿನುರ್ ತನ್ನ ಗಂಡನನ್ನು ಬೈಯುತ್ತಿದ್ದಳು. "ಬಾಯಿ ತೆಗೆದ್ರೆ ಗದರ್ತಾನೆ. ಇವನ ಬದಲು ಇನ್ಯಾರಾದ್ರೂ ಸಿಕ್ಕಿದ್ರೆ ಸಾಕಿತ್ತಪ್ಪ!"

"ಹಾಗನ್ಬೇಡ ಕಣೇ," ಎಂದಿತು ಮೂಲೆಯಿಂದ ರಿಜ್ವಾನ್‌ಗುಲ್ ಅಜ್ಜಿಯ ದನಿ. "ನಂಗೆ ಹಾಗೇ ಸಿಕ್ಕಿದ್ರು. ಅದಕ್ಕೇ ಹೇಳ್ತಿದೀನಿ."

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ.

"ನನಗಾಗ ಇಪ್ಪತ್ಮೂರು. ಮಗಳಿನ್ನೂ ತೊಟ್ಟಿಲಲ್ಲಿ. ನಮ್ಮ ಯಜಮಾನ್ರು ಹೇಮಿತ್ ಕೈ ಎತ್ತಿದವರಲ್ಲ, ಆದ್ರೆ ಬಾಯಿ... ಅಬ್ಬಾ, ನನ್ನ ಹೆಸರು ಅವರ ನಾಲಿಗೆ ಮೇಲೆ ಒಂದು ದಿನವೂ ಬಂದಿದ್ದಿಲ್ಲ ಕಣ್ರೇ, 'ಏಯ್' ಅಂದ್ರೆ ನಾನೇ ಅಂತ ತಿಳ್ಕೊಬೇಕು. ಆ ವರ್ಷ ಅದೇನನ್ನಿಸ್ತೋ, ಕಮರಿ ನೋಡ್ಕೊಂಡು, ಇದೇ ಬುಗ್ಗೆಯಲ್ಲಿ ಮಿಂದು ಬರೋಣ ಅಂದ್ರು. ಮಗೂನ ಅಮ್ಮನ ಹತ್ರ ಬಿಟ್ಟು ಬೈಕಿನ ಹಿಂದೆ ಕೂತು ಹೋದೆ. ಚಾರಿನ್ ಕಮರಿ ಅಂಚಲ್ಲಿ ನಿಂತು ಬಗ್ಗಿ ನೋಡಿದ್ರೆ... ನೀವೂ ನೋಡಿದೀರಲ್ಲ, ಕೆಂಪು ಗೋಡೆ ಇಳೀತಾನೇ ಹೋಗುತ್ತೆ, ತಳದಲ್ಲಿ ದಾರದ ಹಾಗೆ ನದಿ. ನಾನು ಬಾಯಾರಿಕೆ ಅಂದೆ. 'ನೀರು ತರೋದೂ ನೆನಪಿರಲ್ವಾ ನಿಂಗೆ, ದಂಡಪಿಂಡ!' ಅಂತ ಖಾಲಿ ಬಾಟ್ಲಿ ಕಿತ್ಕೊಂಡು ಇಳಿದೇಬಿಟ್ರು. ನಂಗೂ ಸಿಟ್ಟು ಬಂತು. 'ಹೋಗಿ, ವಾಪಸ್ ಬರ್ಲೇಬೇಡಿ' ಅಂದೆ. ಕೂಗಿಯೇ ಅಂದೆ. ಕಮರಿ ಅದನ್ನ ಮೂರು ಸಲ ಹೇಳ್ತು."

ಮಾಹಿನುರ್ ಅಜ್ಜಿಯ ಮೂಲೆಗೆ ಸರಿದು ಕುಳಿತಳು.

"ಬಿಸಿಲು ವಾಲೋ ಹೊತ್ತಿಗೆ ಬಂದ್ರು. ಇಳಿದ ಕಡೆಯಿಂದ ಅಲ್ಲ, ನನ್ನ ಬೆನ್ನ ಹಿಂದಿನಿಂದ. ಕೈ ಖಾಲಿ. 'ರಿಜ್ವಾನ್, ತುಂಬ ಹೊತ್ತು ಕಾಯಿಸಿಬಿಟ್ನಾ?' ಅಂದ್ರು. ನನ್ನ ಹೆಸರು! ಆ ಖುಷಿಯಲ್ಲಿ ನೀರು ಎಲ್ಲಿ ಅಂತ ಕೇಳೋದೇ ಮರೆತೆ. ಅಲ್ಲಿಂದ ಬುಗ್ಗೆಗೆ ಬಂದ್ವಿ. ಆಗೆಲ್ಲ ಮಾಡೂ ಇಲ್ಲ, ಗೋಡೆಯೂ ಇಲ್ಲ, ಬಯಲಲ್ಲಿ ಒಂದು ಕೊಳವೆ, ಒಂದು ಹೊಂಡ. ಇಳಿದವರೆಲ್ಲ ಬೆಂದ ಹಾಗೆ ಕೆಂಪಾಗಿದ್ರು, ಇವರ ಬೆನ್ನು ಮಾತ್ರ ನಾದಿದ ಹಿಟ್ಟಿನ ಹಾಗೆ ಬೆಳ್ಳಗೆ. ನೀರೊಳಗೆ ಅವರ ಕೈ ಹಿಡಿದೆ... ತಣ್ಣಗೆ, ನದಿ ತಳದ ಕಲ್ಲು ಹಿಡಿದ ಹಾಗಾಯ್ತು. ಅವರು ನನ್ನ ಮುಖ ನೋಡಿದ್ರು, ನಾನು ಅವರ ಮುಖ ನೋಡಿದೆ. ಏನಂತ ಕೇಳ್ಲಿ, ಹೇಳಿ?

"ಮರುವರ್ಷ ಕುರಿ ಕಾಯೋ ಏಸ್ಬೋಲ್ ಮನೆಗೆ ಬಂದ. ಕಮರಿಯ ಬಂಡೆ ಸಂದಿಯಲ್ಲಿ ಯಾರದೋ ಮೂಳೆ ಸಿಕ್ತು ಅಂತ ಒಂದು ಬೂಟು ತಂದಿದ್ದ. 'ಇದು ಯಾರದು ಗೊತ್ತಾ ಅಕ್ಕಾ? ಊರೆಲ್ಲ ಕೇಳ್ಕೊಂಡು ಬಂದೆ' ಅಂದ. ಅದರ ಹಿಮ್ಮಡಿಗೆ ಹಾಕಿದ್ದ ತೇಪೆ ನನ್ನ ಕೈ ಹೊಲಿಗೆ ಕಣ್ರೇ. ಒಳಗೆ ಇವರು ಮಗಳ ತೊಟ್ಟಿಲು ತೂಗ್ತಾ ಹಾಡ್ತಾ ಇದ್ರು. ನೀರಿಗೆ ಇಳಿದು ಹೋದವರು ಎಂದೂ ಹಾಡಿದವರಲ್ಲ. ನಾನು... 'ಗೊತ್ತಿಲ್ಲಪ್ಪ' ಅಂದೆ. ಅಲ್ಲೇ ಹೆಸರಿಲ್ಲದೆ ಮಣ್ಣು ಮಾಡಿದ್ರಂತೆ."

"ಅಯ್ಯೋ, ಗೊತ್ತಿದ್ದೂ..." ಮಾಹಿನುರ್ ತಡೆಯಲಾರದೆ ಅಂದಳು.

"ಗೊತ್ತಿದ್ದೂ. ಒಳ್ಳೆ ಮಾತಾಡೋ ಗಂಡ ಬೇಕಿತ್ತು ನಂಗೆ, ಸಿಕ್ಕಿದ್ರು, ಬಿಡೋಕಾಗ್ಲಿಲ್ಲ. ಇವತ್ತಿಗೂ ನಂಗೆ ಒಂದು ಕೆಟ್ಟ ಮಾತಂದವರಲ್ಲ ಇವರು. ಮಗಳ ಮದುವೆ ಆದ ಮೇಲೆ ಒಬ್ಬಳೇ ಒಂದ್ಸಲ ಅಂಚಿಗೆ ಹೋದೆ. ತಪ್ಪಾಯ್ತು ಅಂತ ಕೂಗಿದೆ. ಕಮರಿ ನನ್ನ ಮಾತು ಹಿಂದಿರುಗಿಸ್ಲಿಲ್ಲ. ತುಂಬ ಕೆಳಗಿನಿಂದ ನನ್ನ ಮೊದಲಿನ ಹೇಮಿತ್ ಏದುಸಿರು ಬಿಡ್ತಾ ಗದರಿಸಿದ್ರು: 'ಏಯ್, ಬಿಸಿಲಲ್ಲಿ ಯಾಕೆ ನಿಂತಿದೀಯಾ? ತರ್ತಾ ಇದೀನಿ ಇರು!'

"ಆಗ ಹೊಳೀತು ನಂಗೆ. ಬೈಕೊಂಡೇ ಅಷ್ಟು ಆಳಕ್ಕೆ ಇಳಿದಿದ್ದು ಯಾಕೆ? ನಂಗೆ ಬಾಯಾರಿಕೆ ಅಂತ. ಅವತ್ತಿನಿಂದ ಹತ್ತುತ್ತಲೇ ಇದಾರೆ, ಪಾಪ..."

ಅಜ್ಜಿ ಎದ್ದು ಮೆಟ್ಟಿಲು ಹತ್ತಿದರು. ನಾನು ಟವೆಲು ಹೊದಿಸಿದೆ. ಕಿಟಕಿಯಾಚೆ ಹೇಮಿತ್ ತಾತ ಮಳೆಯಲ್ಲಿ ಕಾರಿನ ಪಕ್ಕ ಟೋಪಿಯಿಲ್ಲದೆ ನಿಂತಿದ್ದರು. ನಾನು ಅವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಒಮ್ಮೆಯೂ ಅವರು ಕೊಳಕ್ಕೆ ಇಳಿದದ್ದನ್ನು ನೋಡಿಲ್ಲವೆಂದು ಆಗಷ್ಟೇ ನೆನಪಾಯಿತು.

"ಅಜ್ಜಿ, ಇಷ್ಟು ವರ್ಷ ಬಚ್ಚಿಟ್ಟು ಇವತ್ಯಾಕೆ ಹೇಳಿದ್ರಿ?" ಎಂದೆ.

ಅಜ್ಜಿ ತಲೆಗೆ ವಸ್ತ್ರ ಕಟ್ಟಿಕೊಂಡರು.

"ಇಷ್ಟು ವರ್ಷ ನಾನೂ ಕೇಳಿಲ್ಲ, ಇವರೂ ಹೇಳಿಲ್ಲ ಮಗಳೇ. ಆದ್ರೆ ಮೊನ್ನೆಯಿಂದ 'ಒಂದ್ಸಲ ಕಮರಿಗೆ ಹೋಗೋಣ ಬಾ ರಿಜ್ವಾನ್, ಅವನು ಇನ್ನೇನು ಅಂಚಿಗೆ ಬಂದ' ಅಂತಿದಾರೆ. ಇವತ್ತು ಬೆಳಿಗ್ಗೆ ಹೂಂ ಅಂದೆ."