ಮೂರನೇ ಮಂಚದ ಗುಳಿಗೆ

ಬಾವಿ ಇನ್ನೂ ಇಪ್ಪತ್ತು ಹೆಜ್ಜೆ ದೂರವಿತ್ತು. ಸುಜಾತಾಗೆ ಮೊದಲು ಕೇಳಿಸಿದ್ದು ರಾಟೆಯ ಸದ್ದು. ಕಿರ್ರ್... ತುಸು ತಡೆದು ಮತ್ತೆ, ಕಿರ್ರ್...

ಆ ಬಾವಿಯಲ್ಲಿ ಈಗ ಯಾರೂ ನೀರು ಸೇದುವುದಿಲ್ಲ. ಮನೆಮನೆಗೆ ನಲ್ಲಿ ಬಂದ ಮೇಲೆ ಹಗ್ಗ ಬಿಚ್ಚಿ ಒಯ್ದಿದ್ದಾರೆ, ಬರೀ ರಾಟೆ ಉಳಿದಿದೆ. ಅದು ಕಬ್ಬಿಣದ್ದು, ತುಕ್ಕು ಹಿಡಿದದ್ದು. ಗಾಳಿಗೆ ತಿರುಗುವಂಥದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ‘ಗಾಳಿ ಇದ್ದಿರಬೇಕು’ ಅನ್ನಬೇಡಿ.

ಸುಜಾತಾ ನಮ್ಮ ಚಿಕ್ಕವ್ವನ ಮಗಳು. ಕೊಟ್ಟೂರಿನ ಹೊರಗೆ ಒಂದು ಸಣ್ಣ ವೃದ್ಧಾಶ್ರಮದಲ್ಲಿ ಹನ್ನೊಂದು ಮುದುಕಿಯರಿಗೆ ಹೊತ್ತುಹೊತ್ತಿಗೆ ಗುಳಿಗೆ ಕೊಡುವ ಕೆಲಸ ಅವಳದು. ಅಲ್ಲಿಯ ಪದ್ಧತಿ ಹೀಗೆ. ಒಂದು ತಟ್ಟೆಯ ತುಂಬ ಔಷಧಿ ಬಾಟಲಿಯ ಮುಚ್ಚಳಗಳು, ಒಂದೊಂದು ಮುಚ್ಚಳದಲ್ಲಿ ಒಬ್ಬೊಬ್ಬರ ಗುಳಿಗೆ. ಆಗ ಮುಚ್ಚಳದ ಮೇಲೆ ಬರೆದಿದ್ದದ್ದು ಮಂಚದ ನಂಬರು. ಹೆಸರಲ್ಲ, ನಂಬರು. ಹೆಸರು ಕೇಳಬೇಕು, ಕೊಡಬೇಕು, ನುಂಗುವುದನ್ನು ನೋಡಬೇಕು, ಆಮೇಲೆ ಪುಸ್ತಕದಲ್ಲಿ ಸಹಿ ಹಾಕಬೇಕು. ನಿಯಮ ಅವಳಿಗೆ ಬಾಯಿಪಾಠವಿತ್ತು.

ಆದರೆ ಆವತ್ತು ಇನ್ನೊಬ್ಬ ನರ್ಸು ರಜೆ. ಸುಜಾತಾ ಬೆಳಗಿನ ಆರಕ್ಕೆ ನಿಂತವಳು ಕೂತಿರಲಿಲ್ಲ. ರಾತ್ರಿ ಗುಳಿಗೆಯ ಹೊತ್ತಿಗೆ ಕರೆಂಟೂ ಹೋಯಿತು. ಮೊಬೈಲಿನ ಬೆಳಕಿನಲ್ಲಿ ಒಂದು, ಎರಡು, ಮೂರು ಎಂದು ಕೊಡುತ್ತ ಹೋದಳು. ಎಲ್ಲರೂ ತಲೆತುಂಬ ಹೊದ್ದುಕೊಂಡಿದ್ದರು. ಕೈ ಹೊರಗೆ ಬಂತು, ಗುಳಿಗೆ ಇಟ್ಟಳು. ಯಾರನ್ನೂ ಹೆಸರು ಕೇಳಲಿಲ್ಲ. ಪುಸ್ತಕದಲ್ಲಿ ಎಲ್ಲರ ಹೆಸರಿನ ಮುಂದೂ ಒಟ್ಟಿಗೆ ಸಹಿ ಹಾಕಿ, ಒಂಬತ್ತೂವರೆಗೆ ಮನೆಯ ದಾರಿ ಹಿಡಿದಳು.

ಬಾವಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಬಿಳಿ ಸೆರಗು, ತಲೆತುಂಬ. ಹೊಲದ ಮನೆಯವಳಿರಬೇಕು ಅಂದುಕೊಂಡು ಸುಜಾತಾ ಮುಂದೆ ಹೋಗುವುದರಲ್ಲಿದ್ದಳು.

ಮುದುಕಿ ಅಂಗೈ ಚಾಚಿದಳು. ಪಿಸುದನಿಯಲ್ಲಿ...

“ಯಾರದು ಇದು?”

ಅಂಗೈಯಲ್ಲಿ ಒಂದು ಗುಳಿಗೆ.

“ನಿಂದ ಐತಿ, ನುಂಗು ಅಜ್ಜಿ.” ದಣಿದ ಬಾಯಿ ತಾನಾಗಿ ಅಂದಿತು. ಅಂದ ಮೇಲೆ ಸುಜಾತಾ ನಿಂತು ಆ ಮುದುಕಿಯತ್ತ ತಿರುಗಿ ನೋಡಿದಳು.

ಯಾಕೆಂದರೆ ಹಾಗೆ ಕೇಳುತ್ತಿದ್ದವಳು ಜಗತ್ತಿನಲ್ಲಿ ಒಬ್ಬಳೇ. ಮೂರನೇ ಮಂಚದ ಮರುಳಸಿದ್ದಮ್ಮ. ಎರಡು ವರ್ಷ, ದಿನಾ ರಾತ್ರಿ, ಗುಳಿಗೆ ಅಂಗೈಯಲ್ಲಿಟ್ಟುಕೊಂಡು ಇದೇ ಮಾತು. “ಹೆಸರು ಹೇಳಿ ಕೊಡವ್ವ. ಮಂಚಕ್ಕ ರೋಗ ಬಂದಿಲ್ಲ, ನನಗ ಬಂದೈತಿ” ಎಂದು ಸತಾಯಿಸುತ್ತಿದ್ದಳು. ಹೋದ ಕಾರ್ತಿಕದಲ್ಲಿ ತೀರಿಕೊಂಡಳು. ಕಣ್ಣು ಮುಚ್ಚಿದ್ದು ಸುಜಾತಾಳ ಕೈಯೇ.

“ಹೆಸರು ಹೇಳು...”

“ಗು... ಗುರುಬಸಮ್ಮಂದು.” ಈಗ ಮೂರನೇ ಮಂಚ ಗುರುಬಸಮ್ಮನದು. ಅದು ಸಕ್ಕರೆ ಕಾಯಿಲೆಯ ಗುಳಿಗೆ.

“ಇವತ್ತು ಅಲ್ಲಿ ಯಾರು ಮಲಗ್ಯಾರ?”

ಸುಜಾತಾಗೆ ಆಗ ನೆನಪಾಯಿತು. ಆವತ್ತು ಮಧ್ಯಾಹ್ನ ಗುರುಬಸಮ್ಮ ನಾಲ್ಕನೇ ಮಂಚಕ್ಕೆ ಹೋಗಿದ್ದಳು. ಬೆಳಗ್ಗೆ ಲಿಂಗಪೂಜೆಗೆ ಕಿಟಕಿಯ ಬೆಳಕು ಬೇಕು ಅಂದಿದ್ದಳು. ನಾಲ್ಕರಲ್ಲಿದ್ದ ಬಿಬಿಜಾನ್ ತಾನಾಗಿ ಎದ್ದು ಮೂರಕ್ಕೆ ಬಂದಿದ್ದಳು. ಬಿಬಿಜಾನ್‌ಗೆ ಸಕ್ಕರೆ ಕಾಯಿಲೆಯೇ ಇಲ್ಲ. ಇಲ್ಲದವರು ಆ ಗುಳಿಗೆ ನುಂಗಿದರೆ ಮೈಯೊಳಗಿನ ಸಕ್ಕರೆ ಇಳಿದು ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು. ಬೆಳಗಿನವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಕೈಗೆ ತಣ್ಣಗೆ ಏನೋ ಒತ್ತಿದಂತಾಯಿತು. ಸುಜಾತಾ ನೋಡಲಿಲ್ಲ. ಅದನ್ನು ಜೇಬಿಗೆ ತುರುಕಿ ಓಡಿದಳು. ಹಿಂದೆ ಕಿರ್ರ್... ಕಿರ್ರ್...

ಗೇಟಿನಲ್ಲಿ ಕಾವಲಿನ ಯರ್ರಿಸ್ವಾಮಿ ನಕ್ಕ. “ಏನ್ರಿ ಸಿಸ್ಟರ್, ಟಿಫಿನ್ ಡಬ್ಬಿ ಮರ್ತ್ರೇನು?”

ಅವಳು ನೇರ ಮೂರನೇ ಮಂಚಕ್ಕೆ ಹೋಗಿ ಹೊದಿಕೆ ಸರಿಸಿದಳು.

“ಬಿಬಿಜಾನಮ್ಮಾ... ಗುಳಿಗಿ ನುಂಗಿದ್ರೇನ್ರಿ?”

“ನುಂಗೀನಿ ಬೇಟಿ. ದಿನಾ ಸೀ ಇರ್ತಿತ್ತು, ಇವತ್ತು ಕಹಿ. ಡಾಕ್ಟ್ರು ಬದಲಿ ಮಾಡ್ಯಾರಂದ್ಕಂಡೆ.”

ಪಕ್ಕದ ಮಂಚದಿಂದ ಗುರುಬಸಮ್ಮ, “ನಂದು ಸೀ ಇತ್ತಲ್ಲ! ಪ್ರಸಾದ ಅಂದ್ಕಂಡೆ” ಅಂದಳು. ಬಿಬಿಜಾನಳದು ಎಲುಬಿಗೆ ಕೊಡುವ, ಚೀಪುವ ಗುಳಿಗೆ. ಅದರಿಂದ ಗುರುಬಸಮ್ಮನಿಗೆ ಕೇಡಿಲ್ಲ.

ಸುಜಾತಾ ಡಾಕ್ಟರಿಗೆ ಫೋನ್ ಮಾಡಿದಳು. ಏನನ್ನೂ ಮುಚ್ಚಿಡಲಿಲ್ಲ. “ಈಗಲೇ ಏನಾದರೂ ತಿನ್ನಿಸು. ತಾಸಿಗೊಮ್ಮೆ ಸಕ್ಕರೆ ನೋಡು. ಇಳಿಯತೊಡಗಿದರೆ ತಡಮಾಡದೆ ಆಸ್ಪತ್ರೆಗೆ ತಾ. ಗುರುಬಸಮ್ಮನ ಗುಳಿಗೆ ಬೆಳಗ್ಗೆ ನೋಡೋಣ” ಅಂದರು ಡಾಕ್ಟರು. ಯರ್ರಿಸ್ವಾಮಿ ಆಟೋದವನನ್ನು ಎಬ್ಬಿಸಿ ಗೇಟಿನ ಮುಂದೆ ನಿಲ್ಲಿಸಿದ.

ಹತ್ತಕ್ಕೆ ಬಿಬಿಜಾನಳ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ನೂರಾ ಹದಿನೆಂಟು. ಹನ್ನೊಂದಕ್ಕೆ ನೂರಾ ಇಪ್ಪತ್ತು. ಹನ್ನೆರಡಕ್ಕೆ ಮತ್ತೆ ನೂರಾ ಹದಿನೆಂಟು. ಕಣ್ಣು ಎಳೆಯುತ್ತಿತ್ತು. ಕೂತರೆ ನಿದ್ದೆ ಬಂದೀತೆಂದು ಗೋಡೆಗೆ ಒರಗಿ ನಿಂತೇ ಇದ್ದಳು. ಸಕ್ಕರೆ ನೋಡುವ ಯಂತ್ರ ಟಿಕ್ ಅನ್ನುವುದು, ಬಿಬಿಜಾನ್ ಉಸಿರಾಡುವುದು... ಇಷ್ಟೇ ಸದ್ದು.

“ಕೈಬೆರಳು ಎಲ್ಲಾ ಮುಗದ್ವು. ಇನ್ನ ಕಾಲಿಗೆ ಬರ್ತೀಯೇನು?” ಎಂದಳು ಬಿಬಿಜಾನ್.

ಗುರುಬಸಮ್ಮ ಕಣ್ಣೊರೆಸಿಕೊಂಡಳು. “ನನ್ನ ಪೂಜಿ ಸಲುವಾಗಿ ಹಿಂಗಾತು...”

“ಸುಮ್ನ ಮಲಗ್ರಿ ಅಕ್ಕಾ. ಕಿಟಕಿ ಕೇಳಿದ್ದು ನಿಮ್ಮ ದೇವರಲ್ಲ, ನೀವು. ಕೊಟ್ಟಾಕಿ ನಾನು” ಎಂದು ಬಿಬಿಜಾನ್ ನಕ್ಕಳು.

ಬೆಳಗಾಯಿತು. ಸಕ್ಕರೆ ಇಳಿಯಲೇ ಇಲ್ಲ. ಡಾಕ್ಟರು ಬಂದು ನೋಡಿ, “ಇವರು ಆ ಗುಳಿಗೆ ನುಂಗಿರಲಿಕ್ಕಿಲ್ಲ” ಅಂದರು. “ನೀರು ಕುಡದು ನುಂಗೀನಿ” ಎಂದು ಬಿಬಿಜಾನ್ ಪಟ್ಟು ಹಿಡಿದಳು.

ಆಗ ಸುಜಾತಾ ಜೇಬಿಗೆ ಕೈ ಹಾಕಿದಳು. ಹೊರಗೆ ಬಂದದ್ದು ಗುಲಾಬಿ ಬಣ್ಣದ ಸಣ್ಣ ಗುಳಿಗೆ, ನಡುವೆ ಗೀಟು. ಮೂರನೇ ಮುಚ್ಚಳದ್ದೇ. ಮಂಚದ ಕೆಳಗೆ ಬಿದ್ದದ್ದನ್ನು ಎತ್ತಿಕೊಂಡಿರಬಹುದೇ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಅವಳು ಆ ರಾತ್ರಿ ನೆಲಕ್ಕೆ ಬಗ್ಗಲಿಲ್ಲ, ದಣಿವಿಗೆ ಸೊಂಟವೇ ಬಗ್ಗುತ್ತಿರಲಿಲ್ಲ.

ಪುಸ್ತಕದಲ್ಲಿ ತನ್ನ ತಪ್ಪನ್ನು ತಾನೇ ಬರೆದು ಸಹಿ ಹಾಕಿದಳು. ಮೇಲಿನವರು ಬೈದರು, ಕೆಲಸದಿಂದ ತೆಗೆಯಲಿಲ್ಲ. ಈಗ ಮುಚ್ಚಳಗಳ ಮೇಲೆ ಹೆಸರಿದೆ. ಆದರೂ ಅವಳು ಒಬ್ಬೊಬ್ಬರ ಹೊದಿಕೆ ಸರಿಸಿ, ಮುಖ ನೋಡಿ, ಹೆಸರು ಕೇಳುತ್ತಾಳೆ. ಎಷ್ಟೇ ದಣಿದಿರಲಿ.

ಇದು ನಡೆದದ್ದು. ಕಟ್ಟಿ ಹೇಳುವ ಜಾಣತನ ನನಗಿಲ್ಲ. ಆ ಗುಳಿಗೆ ಇವತ್ತಿಗೂ ಅವಳ ಮನೆಯಲ್ಲಿ, ಕುಂಕುಮದ ಹಳೇ ಡಬ್ಬಿಯಲ್ಲಿದೆ. ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಒಂದು ಬದಿಗೆ ಬಣ್ಣ ಕರಗಿದೆ... ಯಾರದೋ ನಾಲಿಗೆಯ ಮೇಲೆ ತುಸು ಹೊತ್ತು ಇದ್ದ ಹಾಗೆ.