ಒಂದು ಗಿಗಾವ್ಯಾಟ್ ಹಬೆ

ಎಸ್ಬಿಯರ್ಗ್ ಬಂದರಿನಲ್ಲಿ ದ್ವೀಪದ ದೋಣಿಗೆ ಕಾಯುತ್ತಿದ್ದೆವು. ಎದುರಿನ ಬೆಂಚಿನಲ್ಲಿ ನಮ್ಮ ದ್ವೀಪದ ಮುದುಕ ಮೀನುಗಾರ ಟೋರ್ಕಿಲ್. ಪಕ್ಕದಲ್ಲಿ, ಕಡಲಿನಲ್ಲಿ ವಿದ್ಯುತ್ ತಯಾರಿಸುವ ಗಾಳಿಯಂತ್ರಗಳಲ್ಲಿ ದುಡಿಯುವ ಮಗಳು ಮಾರೆನ್.

"ಇವತ್ತು ಒಂದು ಗಿಗಾವ್ಯಾಟ್ ದಾಟಿದ್ವಿ, ಅಪ್ಪ."

"ಹಂಗಂದ್ರೆ ಎಷ್ಟೇ?"

"ಐದು ಲಕ್ಷ ಮನೇಲಿ ಒಂದೇ ಸಲ ಕಾಫಿಗೆ ನೀರಿಟ್ರೆ, ಎಲ್ಲಾ ಕುದಿಸೋಷ್ಟು."

ಮುದುಕ ಕಣ್ಣು ಮುಚ್ಚಿದ. "ಅಷ್ಟೂ ಹಬೆ ಎದ್ರೆ ಕಡಲ ಮೇಲೆ ಮಂಜು ಕವಿದಂಗಿರುತ್ತೆ."

"ಬಲೆ ಬೀಸೋ ಜಾಗ ಕಿತ್ಕೊಂಡ್ವಿ ಅಂತ ಇನ್ನೂ ಸಿಟ್ಟಾ?"

"ಹನ್ನೊಂದು ವರ್ಷ ಇತ್ತು. ಸುಸ್ತಾಯ್ತು. ಅಲ್ಲೀಗ ಮೀನಿದ್ಯಾ?"

"ಕಂಬದ ಬುಡದಲ್ಲಿ ಹಿಂಡುಹಿಂಡೇ ಇವೆ. ಗಾಳಿಯಿಲ್ಲದ ದಿನ ಮೇಲಿಂದಾನೇ ಕಾಣ್ತವೆ."

"ಒಂದಿನ ಕರ್ಕೊಂಡು ಹೋಗೇ. ಹಿಡಿಯಲ್ಲ, ಸುಮ್ನೆ ನೋಡ್ತೀನಿ."

ದೋಣಿ ಬಂದು ನಿಂತು, ಬಾಗಿಲು ತೆರೆಯಿತು. ಮಾರೆನ್ ಕಣ್ಣೊರೆಸಿಕೊಂಡು, ಅಪ್ಪನ ತೋಳು ಹಿಡಿದು ಹತ್ತಿಸಿದಳು.