ಏಳು ಸಲ ಒಗೆದ ಕೋಟು

…ಇಲ್ಲ, ತಪ್ಪಾಯ್ತು ಮರಿ, ನಿನ್ನ ಅಣ್ಣನಿಗೆ ಹೇಳೋಕೆ ಬರಲ್ಲ. ಚಿಕ್ಕವನಿದ್ದಾಗಿಂದ್ಲೂ ಹಾಗೇ ಅಲ್ವಾ? ನಡುವಿನಿಂದ ಶುರು ಮಾಡ್ತೀನಿ, ಕೊನೆ ಹೇಳ್ತೀನಿ, ಆಮೇಲೆ ಮೊದಲಿಗೆ ಬರ್ತೀನಿ. ಇನ್ನೊಂದು ಸಲ, ಸರಿಯಾಗಿ ಹೇಳ್ತೀನಿ. ನೀನು ನಿನ್ನ ಪಾಡಿಗೆ ಇಸ್ತ್ರಿ ಮಾಡ್ತಾ ಇರು. ಮಾತಾಡ್ಬೇಕು ಅಂತೇನಿಲ್ಲ. ತಲೆ ಆಡಿಸಿದ್ರೆ ಸಾಕು.

ದೊಡ್ಡಪ್ಪ ಕೆಳಗೆ ವ್ಯಾನಲ್ಲಿ ಕೂತಿದ್ದಾರೆ. ಹೌದು, ನಿನ್ನನ್ನ ಮನೆಯಿಂದ ಆಚೆ ಹಾಕಿದ ಅದೇ ದೊಡ್ಡಪ್ಪ. ನೀನು ಅವರ ಮುಂದೆ ನಿಂತು, "ಕಚ್ಚಿದ್ದು ನಾನೇ" ಅಂದುಬಿಟ್ರೆ ಇವತ್ತೇ ಮನೆಗೆ ಕರ್ಕೊಂಡು ಹೋಗ್ತಾರೆ. ಅಷ್ಟೇ. ಒಂದೇ ಮಾತು.

ಯಾಕೆ ನಗ್ತೀಯ?

ನಗು, ಪರವಾಗಿಲ್ಲ. ನೀನು ನಕ್ಕು ಮೂರು ವರ್ಷ ಆಯ್ತು… ಅಂದ್ರೆ, ನಾನು ನೋಡಿ ಮೂರು ವರ್ಷ. ಈ ಲಾಂಡ್ರಿಯಲ್ಲಿ ನಗ್ತಿದ್ಯೋ ಏನೋ.

ನೋಡು, ನಿನಗೆ ಗೊತ್ತಿರೋದನ್ನೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಮೊದಲಿಂದ ಸಾಲಾಗಿ ಹೇಳಿದ್ರೆ ತಾನೇ ಅರ್ಥ ಆಗೋದು? ನಾವು ಹುಣ್ಣಿಮೆಗೆ ತೋಳ ಆಗೋ ಜನ. ತೋಳ ಆಗೋದು ತಪ್ಪಲ್ಲ, ಮನುಷ್ಯರನ್ನ ಕಚ್ಚೋದು ತಪ್ಪು. ಆ ಗೋದಾಮಿನ ಕಾವಲುಗಾರನ್ನ ಯಾರೋ ಕಚ್ಚಿದ್ರು. ಅವನ ಮುಷ್ಟಿಯಲ್ಲಿ ಸಿಕ್ಕಿದ್ದು ನಿನ್ನ ಕೋಟು. ನಮ್ಮಲ್ಲಿ ಸಾಕ್ಷಿ ಅಂದ್ರೆ ಮೂಗು. ಹಿರಿಯರೆಲ್ಲ ಮೂಸಿದ್ರು, ಕೋಟಿನ ತುಂಬಾ ನೀನೇ. ನೀನು "ನಾನಲ್ಲ" ಅಂದೆ. ಒಂದೇ ಸಲ ಅಂದೆ. ಆಮೇಲೆ ಬಾಯಿಗೆ ಬೀಗ. ಆಗಲೂ ಹೀಗೇ ನಿಂತಿದ್ದೆ, ಗದ್ದ ಮೇಲೆ ಮಾಡ್ಕೊಂಡು.

ನಮ್ಮ ಮನೆ ಬಾಗಿಲ ಚೌಕಟ್ಟು… ನಾವೆಲ್ಲ ಭುಜ ಉಜ್ಜಿ ಒಳಗೆ ಬರ್ತೀವಲ್ಲ, ಅಲ್ಲಿಂದ ನಿನ್ನ ವಾಸನೆ ತಿಕ್ಕಿ ತೆಗೆದಿದ್ದು ನಾನೇ. ಒಡಹುಟ್ಟಿದವರೇ ತೆಗೀಬೇಕು ಅಂತ ಪದ್ಧತಿ, ನಾನೇನು ಮಾಡ್ಲಿ? ಒಂದು ಬಕೆಟ್ ನೀರು, ಒಂದು ಬ್ರಷ್ಷು. ಅಮ್ಮ ಇನ್ನೂ ಅಲ್ಲಿಗೆ ಹೋಗಿ ಮೂಗಿಟ್ಟು ನಿಂತ್ಕೋತಾಳೆ. ಅಲ್ಲಿ ಏನೂ ಇಲ್ಲ ಕಣಮ್ಮ ಅಂದ್ರೂ ಕೇಳಲ್ಲ.

ಅಯ್ಯೋ, ಬಟ್ಟೆ ಸುಡುತ್ತೆ! ಇಸ್ತ್ರಿಪೆಟ್ಟಿಗೆ ಎತ್ತು… ಹಾಂ.

ಈಗ ಯಾಕೆ ಬಂದೆ ಅಂತಾನಾ? ಅದನ್ನೇ ಹೇಳ್ತಿದೀನಿ. ಆ ಕಾವಲುಗಾರ ಮೂರು ವರ್ಷ ತಡೆದು ಈಗ ಮೈ ತಿರುಗಿ ತೋಳ ಆಗ್ತಿದ್ದಾನಂತೆ. ಕಚ್ಚಿಸ್ಕೊಂಡವನು ನಮ್ಮವನೇ ಆಗ್ತಾನೆ ತಾನೇ? ಬರೋ ಹುಣ್ಣಿಮೆಗೆ ಅವನನ್ನ ಮನೆಗೆ ಕರ್ಕೊಂಡು ಬರ್ತಾರೆ. ತಿರುಗಿದವನು ಕಚ್ಚಿದವರ ಹತ್ರ ನೇರ ಹೋಗಿ ಕೂತ್ಕೋತಾನೆ, ಕರು ಹಸು ಹತ್ರ ಹೋದ ಹಾಗೆ. ನೀನು ಮೊದಲೇ ಒಪ್ಕೊಂಡ್ರೆ ಆ ಪರೀಕ್ಷೆನೇ ಬೇಡ, ಅವನನ್ನ ಬೇರೆ ಊರಿನ ನಮ್ಮವರ ಮನೆಗೆ ಕಳಿಸ್ತಾರೆ. ನಾಲ್ಕು ಜನರ ಮುಂದೆ ಮರ್ಯಾದೆ ಹೋಗಲ್ಲ. ನಿನ್ನ ಮರ್ಯಾದೆ.

ಹಾಗೆ ನೋಡ್ಬೇಡ. ನಿನ್ನ ಮರ್ಯಾದೆನೇ ಅಂದೆ.

ಮೂಗು ಯಾಕೆ ಮುಚ್ಕೋತೀಯ? ನೀಲಗಿರಿ ಎಣ್ಣೆನಾ? ನೆಗಡಿ ಮರಿ, ಅದಕ್ಕೇ ಸ್ವಲ್ಪ ಜಾಸ್ತಿ ಹಚ್ಕೊಂಡೆ. ಮೈಗೆಲ್ಲ ಯಾಕೆ ಅಂದ್ರೆ… ನೆಗಡಿ ಜೋರು. ಬಿಡು, ಅದೆಲ್ಲ ಯಾಕೆ ಈಗ! ಇಗೋ, ನಿನಗೇ ಅಂತ ಒಂದು ವಸ್ತು ತಂದಿದೀನಿ. ಗುರುತು ಸಿಕ್ತಾ? ನಿನ್ನ ಕೋಟು! ಸುಟ್ಟುಬಿಡು ಅಂತ ನನ್ನ ಕೈಗೆ ಕೊಟ್ಟಿದ್ರು. ನನಗೆ ಸುಡೋಕೆ ಮನಸ್ಸಾಗಲಿಲ್ಲ. ಏಳು ಸಲ ಒಗೆದಿದೀನಿ.

ಏಳು ಸಲ ಯಾಕೆ ಅಂದ್ರೆ… ರಕ್ತದ ಕಲೆ ಇತ್ತಲ್ಲ. ಹಾಕ್ಕೋ, ಹಾಕ್ಕೋ. ಕಂಕುಳಲ್ಲಿ ಸ್ವಲ್ಪ ಹಿಡಿಯುತ್ತೆ, ಆದ್ರೂ ಬೆಚ್ಚಗಿರುತ್ತೆ.

…ಏನು? ನಿನಗೆ ಹಿಡಿಯಲ್ವಾ? ದೊಗಳೆನಾ? ನಾನು ಸುಮ್ನೆ ಅಂದೆ. ನೋಡಿದ್ರೆ ಗೊತ್ತಾಗಲ್ವಾ, ಚಿಕ್ಕ ಕೋಟು, ಹಿಡಿಯುತ್ತೆ ಅಂತ.

ಕತ್ರಿ ಯಾಕೆ?

ಬೇಡ ಮರಿ, ಚೆನ್ನಾಗಿರೋ ಕಾಲರ್ ಯಾಕೆ ಬಿಚ್ಚುತೀಯ? ಅಲ್ಲಿ ಏನೂ ಇಲ್ಲ. ಒಗೆದಿದೀನಿ ಅಂದ್ನಲ್ಲ! ಹೊಲಿಗೆ ಒಳಗೆ ಸೋಪು ಹೋಗಲ್ಲ ಅಂತ ನಿನಗೆ ಯಾರು… ಹೂಂ. ದಿನಾ ಜನರ ಬಟ್ಟೆ ಒಗೆಯೋಳು. ನಿನಗೆ ಗೊತ್ತಿರ್ದೆ ಇನ್ಯಾರಿಗೆ ಗೊತ್ತಿರುತ್ತೆ? ಕಾಲರಿನ ಕೊಳೆ ಹೋಗಲ್ಲ ಅಂತ. ನನಗೆ ಹೊಳೀಲೇ ಇಲ್ಲ ನೋಡು. ಮೈ ತಿರುಗುವಾಗ ಮೊದಲು ಬೆವರೋದು ಕತ್ತು. ಆ ಬೆವರು ಹೊಲಿಗೆ ಒಳಗೇ ಇಳಿದಿತ್ತು, ಹಿರಿಯರು ಮೇಲಿಂದಷ್ಟೇ ಮೂಸಿದ್ರು. ಎಂಥ ಕತ್ತೆ ನಾನು! ತಂದು ತಂದು ಲಾಂಡ್ರಿಯವಳ ಕೈಗೆ…

ಏನಾದ್ರೂ ಹೇಳು. ಬೈ. ಹೊಡಿ. ಹೀಗೆ ಅದನ್ನ ನನ್ನ ಮುಖದ ಮುಂದೆ ಹಿಡಿದು ಸುಮ್ನೆ ನಿಂತ್ಕೋಬೇಡ. ನನಗೂ ಮೂಗಿದೆ ಕಣೆ.

ಸರಿ. ಹೇಳ್ತೀನಿ. ಅವತ್ತು ನನ್ನ ಕೋಟು ಒದ್ದೆ ಇತ್ತು, ಮೊಳೆ ಮೇಲೆ ನಿನ್ನದು ನೇತಾಡ್ತಿತ್ತು. ಬೇಕೂಂತ ಹಾಕ್ಕೊಂಡಿದ್ದಲ್ಲ, ಅದನ್ನ ಮೊದಲು ತಿಳ್ಕೋ. ಮನೆ ಸೇರೋ ಅಷ್ಟರಲ್ಲಿ ಚಂದ್ರ ಹುಟ್ಟಿಬಿಟ್ಟ. ಆ ಮನುಷ್ಯ ಟಾರ್ಚ್ ಮುಖಕ್ಕೇ ಹಿಡಿದ, ನಾನು ಹೆದರಿದೆ. ಮಾರನೇ ದಿನ ಹೇಳೋಣ ಅಂತಲೇ ಎದ್ದೆ. ಎಲ್ಲರೂ ಆಗಲೇ ನಿನ್ನ ಹೆಸರು ಹೇಳ್ತಿದ್ರು…

ಫ್ಯಾನ್ ಯಾವಾಗ ಹಾಕಿದೆ? ಅದನ್ನ ಯಾಕೆ ಬಾಗಿಲ ಕಡೆ ತಿರುಗಿಸಿದೆ? ಮರಿ, ಆರಿಸು. ಆರಿಸು ಅಂದೆ! ವಾಸನೆ ಮೆಟ್ಟಿಲಿಗೆಲ್ಲ ಹೋಗುತ್ತೆ…

ದೊಡ್ಡಪ್ಪ. ಇವರು ಯಾವಾಗ ಮೇಲೆ ಬಂದ್ರು? ಯಾಕೆ ಹೊಸಿಲಲ್ಲೇ ನಿಂತ್ರು, ಮೂಗು ಮೇಲೆತ್ತಿ?

ಇಲ್ಲ, ನಿನ್ನನ್ನಲ್ಲ. ನನ್ನನ್ನೇ ಕರೀತಿದ್ದಾರೆ.

ಬಂದೆ ದೊಡ್ಡಪ್ಪಾ! ಒಂದೇ ನಿಮಿಷ, ಇವಳಿಗೆ ಸ್ವಲ್ಪ ಅರ್ಥ ಮಾಡಿಸ್ತಿದ್ದೆ, ಅದು ಏನಂದ್ರೆ…